ಭರಮಮ್ಮನ ಓಟು

ಮತ್ತೆ ಯಾರದೋ ಮೊಬೈಲಿನ ರಿಂಗು, ಸಾಲಿನ ನಡುವಿನಿಂದ, ಯಾವುದೋ ಸೆರಗಿನೊಳಗಿಂದ, ಫೋನು ಒಳಗ ಒಯ್ಯಬ್ಯಾಡ್ರಿ ಅಂತ ಏಳು ಗಂಟೆಯಿಂದ ಪೇದೆ ಸುಧಾರಾಣಿ ಗಂಟಲು ಹರಿದುಕೊಂಡದ್ದು ಯಾರ ಕಿವಿಗೆ ಬಿತ್ತು, ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು — ನಿನ್ನೆ ಹೊಸಪೇಟೆಯ ಠಾಣೆಯಿಂದ ಬಸ್ಸಿನಲ್ಲಿ ತುಂಬಿ ತಂದು ಈ ಯಶವಂತನಗರದ ಮತಗಟ್ಟೆಗೆ ಇಳಿಸಿ ಹೋದರು, ಕೂರಲು ಕುರ್ಚಿ ಇಲ್ಲ, ಶಾಲೆಯ ಶೌಚಾಲಯಕ್ಕೆ ಬೀಗ, ಬೀಗದ ಕೈ ಸಂಡೂರಿನಲ್ಲಿರುವ ಹೆಡ್‌ಮೇಡಂ ಹತ್ತಿರ, ಅದಕ್ಕೇ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿಲ್ಲ, ಗಣಿಯ ಕೆಂಪು ದೂಳು ನಾಲಗೆಯ ಮೇಲೇ ಕೂತಿದೆ, ಪಕ್ಕದಲ್ಲಿ ಬಂದೂಕು ಹಿಡಿದು ನಿಂತ ಕೇಂದ್ರ ಪಡೆಯ ಜವಾನನಿಗೆ ಕನ್ನಡ ಒಂದಕ್ಷರ ಬಾರದು, ಸಾಲಿನಲ್ಲಿ ನಿಲ್ಲಿ ಅನ್ನಲು ಲೈನ್ ಮೇ, ಲೈನ್ ಮೇ ಅನ್ನುತ್ತಾನೆ, ಮುದುಕಿಯರು ಇವಳತ್ತ ತಿರುಗಿ ಏನಂತಾನವ್ವ ಇಂವ ಅನ್ನುತ್ತಾರೆ, ಅಂದರೆ ಅವನ ಕೆಲಸವೂ ಇವಳ ತಲೆಗೇ. ಊರವರ ಓಟಿಗೆಲ್ಲ ಇವಳು ಕಾವಲು, ಇವಳ ಓಟು ಎಲ್ಲಿ, ಅಂಚೆ ಮತದ ಅರ್ಜಿ ಕೊಟ್ಟು ತಿಂಗಳಾಯಿತು, ಬರ್ತದ ಬರ್ತದ ಅಂದರು, ಬರಲಿಲ್ಲ, ಹೋಗಲಿ —

ಯವ್ವಾ, ನನ್ನ ಓಟು ಆಗಲೇ ಆಗೇತಂತ, ಮನಿಗೆ ಹೋಗು ಅಂತಾರ. ಒಳಗಿಂದ ತಿರುಗಿ ಬಂದ ಮುದುಕಿ ಎದುರಿಗೆ ನಿಂತಿದ್ದಾಳೆ. ನಿನ್ನ ಹೆಸರೇನಬೇ. ಭರಮಮ್ಮ. ಭರಮಮ್ಮ, ಎಪ್ಪತ್ತೆರಡು — ಈ ಹೆಸರನ್ನು ಸುಧಾರಾಣಿ ಬೆಳಿಗ್ಗೆ ಓದಿದ್ದಾಳೆ, ಪಕ್ಷದ ಮಾಲತೇಶ್ ಆಟೊದಲ್ಲಿ ತಂದಿಳಿಸಿದ ಹೆಂಗಸರಲ್ಲಿ ಒಬ್ಬಳು, ಮುಖದ ತುಂಬ ಸೆರಗು, ಯಾವ ಕೋಣಿರಿ ಅಂತ ಚೀಟಿ ಮುಂದೆ ಹಿಡಿದಿದ್ದಳು, ಚೀಟಿಯಲ್ಲಿ ವಯಸ್ಸು ಎಪ್ಪತ್ತೆರಡು, ಹಿಡಿದ ಕೈ ನಲವತ್ತರದ್ದೂ ಅಲ್ಲ, ಠಾಣೆಯ ಸಾಹೇಬರಿಗೆ ಫೋನು ಹಚ್ಚಿ ಹೇಳಿದಳಲ್ಲ, ನಿನ್ನ ಕೆಲಸ ಸಾಲು ನೋಡೂದು, ವಯಸ್ಸು ನೋಡೂದಲ್ಲ, ಒಳಗಿನವ್ರು ನೋಡ್ಕೋತಾರ ಅಂದರು, ಒಳಗಿನವರು ಹೊರಗೆ ಪೊಲೀಸರಿದ್ದಾರಲ್ಲ ಅಂದುಕೊಂಡರು, ಹೀಗೆ ಎಲ್ಲರೂ ನೋಡಿ ನೋಡದೆ ಬಿಟ್ಟರು, ಇವಳೂ ಬಿಟ್ಟಳು, ಬಿಟ್ಟೆನಲ್ಲ. ಗೇಟಿನ ಆಚೆಯಿಂದ ಮಾಲತೇಶ್, ಮೇಡಮ್ಮೋರ, ಮುದುಕಿಗೆ ಮರವು, ಬೆಳಿಗ್ಗೇನ ಹಾಕಿ ಹೋಗ್ಯಾಳ, ಜಲ್ದಿ ಕಳಸ್ರಿ. ಮರವು ನಿಮ್ಮವ್ವಗ ಲೇ, ಮುದುಕಿ ಎಡಗೈ ಎತ್ತಿದಳು, ತೋರುಬೆರಳಿನ ಜಾಗದಲ್ಲಿ ಬರೀ ಮೋಟು, ಮೂವತ್ತು ವರ್ಷ ಗಣಿಯಾಗ ಕಲ್ಲು ಒಡದೀನಿ, ಬೆರಳು ಅಲ್ಲೇ ಹೋತು, ನೋಡು, ಎಲ್ಲಿ ಹಚ್ಚ್ಯಾರ ಶಾಯಿ, ತೋರ್ಸು — ಆ ಮೋಟು, ಉಳಿದ ನಾಲ್ಕು ಬೆರಳು, ಎಲ್ಲವೂ ಸ್ವಚ್ಛ.

ಕರೆಯದೆ ಪೊಲೀಸರು ಒಳಗೆ ಕಾಲಿಡಬಾರದು, ಸರಿ, ಇಡುವುದಿಲ್ಲ, ಹೊಸ್ತಿಲಲ್ಲೇ ನಿಂತು ಮತಗಟ್ಟೆಯ ಅಧಿಕಾರಿಯನ್ನು ಕೂಗಿದಳು. ಅಕ್ಷೋಭ್ಯ, ಕಂಪ್ಲಿಯ ಕಾಲೇಜಿನ ಮೇಷ್ಟ್ರು, ಬೆವರು ಒರೆಸುತ್ತ ಬಂದರು, ಆ ಹೆಸರಿನ ಮುಂದ ಹೆಬ್ಬೆಟ್ಟು ಬಿದ್ದದವ್ವ, ನಾ ಏನ್ ಮಾಡ್ಲಿ. ಕೈ ನೋಡ್ರಿ ಸರ್. ನೋಡಿದರು, ಗಂಡನ ಹೆಸರು, ಮನೆ ನಂಬರು ಕೇಳಿದರು, ಮುದುಕಿ ಪಟಪಟ ಹೇಳಿದಳು, ಹಂಗಾರ ಟೆಂಡರ್ ಓಟು ಕೊಡೋಣ ಅಂದರು — ಬೇರೆಯವರು ಹಾಕಿಬಿಟ್ಟಾಗ ನಿಜವಾದವರಿಗೆ ಕೊಡುವ ಕಾಗದದ ಓಟು, ಲಕೋಟೆಯಲ್ಲಿ ಮುಚ್ಚಿಡುತ್ತಾರೆ, ಎಣಿಸುವುದಿಲ್ಲ, ಕೋರ್ಟು ಕೇಳಿದರೆ ಮಾತ್ರ ತೆರೆಯುತ್ತಾರೆ, ತರಬೇತಿಯಲ್ಲಿ ಹೇಳಿದ್ದರು, ಯಾವ ಕೋರ್ಟು ಈ ಮುದುಕಿಗಾಗಿ ಕೇಳುತ್ತದೆ. ಸರ್, ನಿಮ್ಮ ಡೈರಿಯಾಗ ಬರೀರಿ, ಬೆಳಿಗ್ಗೆ ಇಕಿ ಹೆಸರಿನ ಚೀಟಿ ತಂದ ಹೆಂಗಸನ್ನ ಅನುಮಾನ ಬಂದ್ರೂ ಒಳಗ ಬಿಟ್ಟಾಕಿ ಪೇದೆ ಸುಧಾರಾಣಿ, ಸಾಹೇಬ್ರಿಗೆ ತಿಳಿಸಿದ್ದೂ ಬರೀರಿ. ನೌಕ್ರಿಗೆ ಕುತ್ತು ಬರ್ತದ ನೋಡವ್ವ. ಬರೀರಿ. ಬರೆದರು, ಮುದುಕಿಯನ್ನು ಒಳಗೆ ಕರೆದೊಯ್ದರು. ಹತ್ತು ನಿಮಿಷವಾಗಿಲ್ಲ, ಯಾರು ಮುಟ್ಟಿಸಿದರೋ ಸುದ್ದಿ, ಸಾಹೇಬರ ಫೋನು, ನನ್ನ ಹೆಸರು ಯಾಕ ಬರಸ್ದಿ, ಬುದ್ಧಿ ಐತೇನು, ಹೊಸಪೇಟಿಗೆ ಬಾ ನೋಡ್ಕೋತೀನಿ, ಅವರು ಒದರುತ್ತಿದ್ದಾರೆ, ಜವಾನ ಲೈನ್ ಮೇ ಅನ್ನುತ್ತಿದ್ದಾನೆ, ಭರಮಮ್ಮ ಹೊರಗೆ ಬಂದಳು, ನನ್ನ ಓಟು ಎಣಸ್ತಾರಲ್ಲವ್ವ, ಅಂದ ಮುದುಕಿ ಉತ್ತರಕ್ಕೂ ಕಾಯದೆ ಎಡಗೈಯನ್ನು ಸೀರೆಗೆ ತಾಗದ ಹಾಗೆ ದೂರ ಹಿಡಿದು, ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದಾಳೆ, ಮೋಟಿನ ಪಕ್ಕ ನಡುಬೆರಳು, ಅದರ ಉಗುರಿನ ಮೇಲೆ ಇನ್ನೂ ಆರದ ಶಾಯಿ, ಆ ಮೋಟು, ಆ ಬೆರಳು, ಆ ಹಸಿ ಶಾಯಿ —