ಕರಿಯನ ಕಿವಿ

ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದ ಮೊಣ್ಣಯ್ಯ ಕೊಡಗಿಗೆ ಮರಳದೆ ನೋಯ್ಡಾದಲ್ಲೇ ನೆಲಮಹಡಿಯ ಫ್ಲ್ಯಾಟ್ ಕೊಂಡು ಉಳಿದಿದ್ದರು. ಮನೆಯಲ್ಲಿ ಹೆಂಡತಿ ಚಿಣ್ಣಮ್ಮ, ಕಾಲೇಜು ಓದುವ ಮಗಳು ಮೋನಿಷಾ, ಮತ್ತೆ ಮೂತಿ ಬೆಳ್ಳಗಾದ ಮುದಿ ನಾಯಿ ಕರಿಯ.

ದಿನಾ ಬೆಳಗ್ಗೆ ಪಾರ್ಕಿಗೆ ಹೋದಮೇಲೆ ಮೊಣ್ಣಯ್ಯ ಅದರ ಹಗ್ಗ ಬಿಚ್ಚುತ್ತಿದ್ದರು. ಎಲ್ಲೇ ಇರಲಿ, ಒಂದು ಸಿಳ್ಳೆ ಹೊಡೆದರೆ ಸಾಕು, ಓಡಿ ಬಂದು ಕಾಲ ಬಳಿ ನಿಲ್ಲುತ್ತಿತ್ತು. "ಕ್ಯಾ ಟ್ರೈನಿಂಗ್ ಹೈ, ಸುಬೇದಾರ್ ಸಾಬ್!" ಎಂದು ವಾಕಿಂಗ್ ಬಂದವರು ಹೊಗಳಿದರೆ ಮೊಣ್ಣಯ್ಯ ಮೀಸೆಯಡಿ ನಗುತ್ತಿದ್ದರು.

ಆ ವರ್ಷ ಚಳಿ ಇಳಿಯುವ ಹೊತ್ತಿಗೆ ಕರಿಯ ಸಿಳ್ಳೆಗೆ ತಿರುಗಿಯೂ ನೋಡದಾಯಿತು. ಒಂದು ದಿನ ಎಲ್ಲರೆದುರು ಎಷ್ಟು ಸಿಳ್ಳೆ ಹೊಡೆದರೂ ಬೇಲಿ ಮೂಸುತ್ತಲೇ ನಿಂತಿತು. ಮೊಣ್ಣಯ್ಯ ಹೋಗಿ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಬಂದರು.

"ಸೊಕ್ಕು ಬಂದಿದೆ ಇದಕ್ಕೆ. ನೀನು ಮುದ್ದು ಮಾಡಿದ್ದು ಹೆಚ್ಚಾಯ್ತು," ಎಂದು ಮನೆಗೆ ಬಂದು ಚಿಣ್ಣಮ್ಮನ ಮೇಲೆ ರೇಗಿದರು.

ಕೆಲವು ದಿನಗಳ ನಂತರ, ಮಲಗಿದ್ದ ಕರಿಯನ ಬೆನ್ನು ಸವರಲೆಂದು ಮೋನಿಷಾ ಹಿಂದಿನಿಂದ ಕೈಯಿಟ್ಟಳು. ಅದು ಬೆಚ್ಚಿ ಎದ್ದು ಅವಳ ಮಣಿಕಟ್ಟಿಗೆ ಬಾಯಿ ಹಾಕಿತು. ಮರುಕ್ಷಣವೇ ಬಾಲ ಮುದುಡಿಕೊಂಡು ಮೇಜಿನಡಿ ಸೇರಿತು.

"ಏನಾಗಿಲ್ಲ ಪಪ್ಪಾ, ಜಸ್ಟ್ ತರಚಿದೆ. ಡರ್ ಗಯಾ ಬೇಚಾರಾ, ಹೆದರಿಬಿಟ್ಟಿದೆ ಪಾಪ," ಎಂದಳು ಮೋನಿಷಾ, ಕೈಯನ್ನು ನಲ್ಲಿಯಡಿ ಹಿಡಿದು.

"ಇವತ್ತು ನೀನು, ನಾಳೆ ಪಕ್ಕದ ಮನೆ ಮಗು," ಎಂದರು ಮೊಣ್ಣಯ್ಯ. "ನನ್ನ ಜೊತೆ ಸೇನೆಯಲ್ಲಿದ್ದ ಮಾಚಯ್ಯ ಗುಡಗಾಂವದ ಫಾರ್ಮ್‌ಹೌಸ್ ನೋಡಿಕೊಳ್ತಿದ್ದಾನಲ್ಲ, ಭಾನುವಾರ ಅಲ್ಲಿ ಬಿಟ್ಟುಬರ್ತೇನೆ."

ಆ ರಾತ್ರಿ ಚಿಣ್ಣಮ್ಮನಿಗೆ ಊಟ ಸೇರಲಿಲ್ಲ.

ಮರುದಿನ ಸೊಸೈಟಿಯ ಗೇಟಿನ ಬಳಿ ತರಕಾರಿ ಗಾಡಿಯವನು ಸಿಕ್ಕ. "ಭಯ್ಯಾ, ನಮ್ಮ ಕಡೆ ಬರುವುದನ್ನೇ ಬಿಟ್ಟೆಯಾ?" ಎಂದು ಚಿಣ್ಣಮ್ಮ ಹಿಂದಿಯಲ್ಲಿ ಕೇಳಿದರು. ಅವನಿಗೆ ಆಶ್ಚರ್ಯ. ದಿನವೂ ಬರುತ್ತಿದ್ದನಂತೆ, ಅವರ ಬಾಗಿಲ ಮುಂದೆಯೇ ನಿಂತು ಕೂಗುತ್ತಿದ್ದನಂತೆ.

ಚಿಣ್ಣಮ್ಮ ತರಕಾರಿ ಕೊಳ್ಳದೆ ಹಾಗೇ ನಿಂತರು. ಮನೆಯ ಹಿಂಬದಿಯ ಅಡುಗೆಮನೆಗೆ ಅವನ ಕೂಗು ಯಾವತ್ತೂ ಕೇಳಿಸಿದ್ದಿಲ್ಲ. ಇಷ್ಟು ವರ್ಷ ಕರಿಯ ಬೊಗಳಿದಾಗಲೇ ಅವರು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದುದು.

ಮನೆಗೆ ಬಂದರೆ ಕರಿಯ ಗೋಡೆಯ ಕಡೆ ಮುಖ ಮಾಡಿ, ಕಣ್ಣು ತೆರೆದೇ ಮಲಗಿತ್ತು. ಚಿಣ್ಣಮ್ಮ ಎರಡು ಸ್ಟೀಲ್ ತಟ್ಟೆ ತಂದು ಅದರ ಬೆನ್ನ ಹಿಂದೆ ಢಣ್ಣೆಂದು ಬಡಿದರು. ಅದು ಅಲುಗಲಿಲ್ಲ. ಸುತ್ತಿ ಎದುರಿಗೆ ಬಂದ ಕೂಡಲೇ ಬಾಲ ಆಡಿಸಿತು.

"ಸ್ವಲ್ಪ ಇಲ್ಲಿ ಬನ್ನಿ," ಎಂದು ಗಂಡನನ್ನು ಕರೆದರು. "ಸೊಕ್ಕಲ್ಲ ಇದಕ್ಕೆ. ಕಿವಿ ಕೇಳ್ತಿಲ್ಲ."

ಮೊಣ್ಣಯ್ಯ ನಂಬಲಿಲ್ಲ. ಕರಿಯನ ಹಿಂದೆ ಮಂಡಿಯೂರಿ ಜೋರಾಗಿ ಸಿಳ್ಳೆ ಹೊಡೆದರು. ಮೇಲಿನ ಮಹಡಿಯ ನಾಯಿ ಬೊಗಳತೊಡಗಿತು. ಕರಿಯನ ಕಿವಿಯ ತುದಿಯೂ ಮಿಸುಕಲಿಲ್ಲ.

"ಅಷ್ಟು ಜನರೆದುರು ಎಳೆದುಕೊಂಡು ಬಂದೆನಲ್ಲ," ಎಂದರು ಮೊಣ್ಣಯ್ಯ ಮೆಲ್ಲಗೆ. ಗುಡಗಾಂವದ ಮಾತು ಮತ್ತೆ ಬರಲಿಲ್ಲ.

ಪ್ರಾಣಿಗಳ ಡಾಕ್ಟರು ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿದರು. ಕೊಳೆಯಿಲ್ಲ, ಕೀವಿಲ್ಲ. "ವಯಸ್ಸಾಯಿತು, ಇದಕ್ಕೆ ಔಷಧಿ ಇಲ್ಲ. ಹಿಂದಿನಿಂದ ಮುಟ್ಟಬೇಡಿ, ಹೆದರಿಕೊಳ್ಳುತ್ತೆ. ಕೈಸನ್ನೆ ಕಲಿಸಿ ನೋಡಿ," ಎಂದರು.

ಮೊಣ್ಣಯ್ಯ ಕುರ್ಚಿಯಲ್ಲಿ ನೆಟ್ಟಗಾದರು. ಮಾತಾಡುವಂತಿಲ್ಲದ ಗಡಿಯ ಗಸ್ತುಗಳಲ್ಲಿ ಅವರು ವರ್ಷಗಟ್ಟಲೆ ಕೈಸನ್ನೆಯಲ್ಲೇ ಜವಾನರನ್ನು ನಡೆಸಿದ್ದರು.

ಅಂದು ಸಂಜೆಯೇ ಹಜಾರದಲ್ಲಿ ಪಾಠ ಶುರುವಾಯಿತು. ಅಂಗೈ ಕೆಳಗಿಳಿಸಿದರೆ ಕೂರು, ತೋಳನ್ನು ಎದೆಗೆ ಎಳೆದುಕೊಂಡರೆ ಬಾ. ಸರಿಯಾಗಿ ಮಾಡಿದರೆ ಬೇಯಿಸಿದ ಮೊಟ್ಟೆಯ ಚೂರು. ಕರಿಯ ಮರೆಯುತ್ತಿತ್ತು, ಮೊಣ್ಣಯ್ಯ ಬೇಸರಿಸದೆ ಮತ್ತೆ ತೋರಿಸುತ್ತಿದ್ದರು. ಚಿಣ್ಣಮ್ಮ ಹತ್ತಿರ ಹೋಗುವ ಮುನ್ನ ನೆಲಕ್ಕೆ ಕಾಲು ಬಡಿಯುವುದನ್ನು ರೂಢಿ ಮಾಡಿಕೊಂಡರು. ಮೋನಿಷಾ ಮೊದಲು ಮೂಗಿನ ಬಳಿ ಕೈ ಹಿಡಿದು, ಆಮೇಲೆ ಮುಟ್ಟುತ್ತಿದ್ದಳು.

ಬಿಸಿಗಾಳಿ ಶುರುವಾಗುವ ಹೊತ್ತಿಗೆ ಪಾರ್ಕಿನಲ್ಲಿ ಬಿಚ್ಚಿಬಿಡುವ ಬದಲು ಕರಿಯನಿಗೆ ಉದ್ದನೆಯ ಹಗ್ಗ ಬಂದಿತ್ತು. ಒಂದು ಬೆಳಗ್ಗೆ ಕರಿಯ ಅವರಿಗೆ ಬೆನ್ನು ಮಾಡಿ ಬೇವಿನ ಮರದ ಬುಡ ಮೂಸುತ್ತಿತ್ತು. ಮೊಣ್ಣಯ್ಯ ಹಗ್ಗ ಜಗ್ಗದೆ ಕಾದರು. ಅದು ತಾನಾಗಿ ತಲೆಯೆತ್ತಿ ಅವರನ್ನು ಹುಡುಕಿತು. ಅವರು ತೋಳನ್ನು ಎದೆಗೆ ಎಳೆದುಕೊಂಡರು. ಕರಿಯ ಬಿಗಿದ ಹಿಂಗಾಲುಗಳಲ್ಲಿ ನಿಧಾನವಾಗಿ ನಡೆದು ಬಂತು.

"ಶಾಬಾಶ್," ಎಂದರು ಮೊಣ್ಣಯ್ಯ. ಆಮೇಲೆ ನೆನಪಾಗಿ, ಬಗ್ಗಿ ಅದರ ಗಲ್ಲ ಸವರಿದರು.