ಎರಡನೇ ಏಟು

ಬರ್ಮಾದ ಕಾಡಿನಲ್ಲಿ ಆ ಗೂರ್ಖಾ ಪಲ್ಟನ್ನು ಬೀಡುಬಿಟ್ಟು ವರ್ಷ ದಾಟಿತ್ತು. ಯುದ್ಧ ನಡೆಸುವ ದೊಡ್ಡವರಿಗೆಲ್ಲ ಯುರೋಪಿನದೇ ಚಿಂತೆ. ಇವರು ಬದುಕಿದ್ದಾರೋ ಇಲ್ಲವೋ ಎಂದು ಕೇಳುವವರಿಲ್ಲ. ಮನೆಯ ಕಾಗದ ಬಂದು ಆರು ತಿಂಗಳು. ಬೂಟು ಕೇಳಿದರೆ ವಿಮಾನದಿಂದ ಸೊಳ್ಳೆಪರದೆ ಬೀಳುತ್ತಿತ್ತು, ಸೊಳ್ಳೆಪರದೆ ಕೇಳಿದರೆ ಉಪ್ಪಿನಕಾಯಿ. ಇದಕ್ಕೆಲ್ಲ ಯಾರು ಕಾರಣ ಎಂಬುದು ಮಾತ್ರ ಪಲ್ಟನ್ನಿಗೆ ಚೆನ್ನಾಗಿ ಗೊತ್ತಿತ್ತು: ನಾಯಕ್ ದರ್ಜೆಯ ನರಬೀರ ಆಲೆ.

ಹಿಂದಿನ ದಸರೆಯ ನವಮಿಯಂದು ದೇವಿಯ ಕಂಬಕ್ಕೆ ಕಟ್ಟಿದ ಕೋಣದ ಕತ್ತು ಕಡಿಯುವ ಗೌರವ ಅವನಿಗೆ ಸಿಕ್ಕಿತ್ತು. ಒಂದೇ ಏಟಿಗೆ ಉರುಳಿದರೆ ಪಲ್ಟನ್ನಿಗೆ ವರ್ಷವಿಡೀ ಶುಭ, ಕಡಿದವನ ತಲೆಗೆ ಬಿಳಿ ಪೇಟ. ನರಬೀರನ ಕಾಲು ಕೆಸರಿನಲ್ಲಿ ಜಾರಿತು. ಎರಡನೇ ಏಟು ಬೇಕಾಯಿತು. ಅಂದಿನಿಂದ ಮಲೇರಿಯಾ ಬಂದರೂ ನರಬೀರ, ಅಕ್ಕಿಗೆ ಹುಳ ಬಿದ್ದರೂ ನರಬೀರ.

“ಗುರೂಜಿ, ಇವತ್ತೂ ಕಾಗದ ಇಲ್ವಂತೆ,” ಎಂದು, ಪಲ್ಟನ್ನಿನ ರೂಢಿಯಂತೆ ಮೇಲಿನವನನ್ನು ಗುರೂಜಿ ಎನ್ನುತ್ತಾ, ಸಿಪಾಯಿ ಧನಲಾಲ ದಿನಾ ಚುಚ್ಚುತ್ತಿದ್ದ. “ನಿಮ್ಮ ಎರಡನೇ ಏಟು ನಮ್ಮೂರ ಅಂಚೆಯವನ ಕಾಲಿಗೇ ಬಿತ್ತೇನೋ!”

ನರಬೀರ ನಕ್ಕಂತೆ ಮಾಡುತ್ತಿದ್ದ. ಒಳಗೊಳಗೇ ಬೇಯುತ್ತಿದ್ದ.

ಮತ್ತೆ ದಸರೆ ಬಂತು, ಕೋಣ ಎಲ್ಲಿಂದ ಬರಬೇಕು? ಪಲ್ಟನ್ನಿನ ಹಿರಿಯ, ಸುಬೇದಾರ್ ಪೂರ್ಣಸಿಂಗ್ ರಾಣಾ, ನರಬೀರನನ್ನು ಕರೆದ.

“ಆಚೆ ಗುಡ್ಡದ ಜಪಾನಿಯರ ಹತ್ರ ಒಂದಿದೆ. ಫಿರಂಗಿ ಎಳೆಯೋ ಕೋಣ. ಮಧ್ಯಾಹ್ನ ಅವರು ಗೊರಕೆ ಹೊಡೀತಾರೆ, ಅದು ಹಳ್ಳದ ಕೆಸರಲ್ಲಿ ಬಿದ್ಕೊಂಡಿರತ್ತೆ. ಹೋಗಿ ತಗೊಂಬಾ. ಕಡಿಯೋನೂ ನೀನೇ. ಕಳ್ಕೊಂಡ ಮಾನ ನೀನೇ ಸಂಪಾದಿಸ್ಕೋ.”

ವಿಷಯ ಕೇಳಿ ಪಲ್ಟನ್ನಿನ ಕರ್ನಲ್ ಸಾಹೇಬರು ಹುಬ್ಬೇರಿಸಿದರು. “ಒಂದು ಕೋಣಕ್ಕೋಸ್ಕರ ದಾಳಿನಾ?”

“ಛೆ, ಫಿರಂಗಿಗೋಸ್ಕರ ಸಾಹೇಬ್!” ಎಂದ ಸುಬೇದಾರ್. “ ಕೋಣ ಇಲ್ದಿದ್ರೆ ಆ ಫಿರಂಗಿ ಇಂಚೂ ಅಲ್ಲಾಡಲ್ಲ.”

ಸಾಹೇಬರು ವರದಿಯಲ್ಲಿ ಹಾಗೇ ಬರೆದರು, ಕೋಣದ ಹೆಸರೆತ್ತಲಿಲ್ಲ.

ನರಬೀರ ಉಪ್ಪಿನ ಪೊಟ್ಟಣ ಹಿಡಿದು ಒಬ್ಬನೇ ಹೋದ. ಹಳ್ಳದಲ್ಲಿ ಕೋಣ ಕಣ್ಣು ಮುಚ್ಚಿ ಮಲಗಿತ್ತು. ಮೂಗುದಾರಕ್ಕೆ ಕೈ ಹಾಕುವಷ್ಟರಲ್ಲಿ ಮೂವರು ಜಪಾನಿ ಸೈನಿಕರು ದಡದ ಮೇಲೆ ಬಂದು ನಿಂತರು. ನರಬೀರ ಕೋಣದ ಹೊಟ್ಟೆಯ ಮರೆಯಲ್ಲಿ ಮೂಗಿನವರೆಗೆ ಕೆಸರಿಗಿಳಿದ. ಅವರೋ ಅಲ್ಲೇ ಕೂತು ಬುತ್ತಿ ಬಿಚ್ಚಿದರು. ಕೆಸರು ಮೂಗಿಗೆ ಹೋಗಿ ನರಬೀರನಿಗೆ ಸೀನು ಬಂತು. ಸೀನಿಯೇಬಿಟ್ಟ!

ಮೂವರೂ ತಿರುಗಿದರು. ಅದೇ ಗಳಿಗೆಗೆ ಕೋಣ ತಲೆಯೆತ್ತಿ ಭರ್ರನೆ ಸೀನಿತು, ಅದೂ ಎರಡು ಸಲ. ಒಬ್ಬ ನಗುತ್ತಾ ಅದರತ್ತ ಕಲ್ಲೆಸೆದ. ಕೋಣ ಕದಲಲಿಲ್ಲ. ಅವರು ಬುತ್ತಿ ಮುಗಿಸಿ ಎದ್ದು ಹೋಗುವವರೆಗೂ ಕದಲಲಿಲ್ಲ. ಆಮೇಲೆ ಉಪ್ಪು ನೆಕ್ಕುತ್ತಾ ನರಬೀರನ ಹಿಂದೆ ಮನೆಯ ದನದ ಹಾಗೆ ನಡೆದು ಬಂತು.

ಸುಬೇದಾರ್ ಅದರ ಕೊಂಬು, ಗೊರಸು, ಬಾಲ, ಕಿವಿ ಎಲ್ಲ ಮುಟ್ಟಿ ನೋಡಿದ. “ಎಲ್ಲೂ ಊನ ಇಲ್ಲ. ದೇವಿಗೆ ಸಲ್ಲತ್ತೆ.”

ನವಮಿಯ ಬೆಳಿಗ್ಗೆ ನರಬೀರ ಅದಕ್ಕೆ ಸ್ನಾನ ಮಾಡಿಸಲು ತೊರೆಗೆ ಒಯ್ದ. ಗೂರ್ಖಾಗಳ ಬಾಗುಗತ್ತಿ, ಕುಕ್ರಿ, ಸೊಂಟದಲ್ಲಿತ್ತು. ಒಂದೇ ಒಂದು ಏಟು, ವರ್ಷದ ಅವಮಾನ ತೊಳೆದು ಹೋಗುತ್ತದೆ. ಕೋಣ ಅವನ ಅಂಗೈ ನೆಕ್ಕಿ ಉಪ್ಪು ಹುಡುಕಿತು. ಅವನಿಗೆ ಅಳು ಬಂತು, ತನ್ನ ಮೇಲೇ ಸಿಟ್ಟೂ ಬಂತು.

“ಹಾಳಾದ್ದೇ, ನಿನಗ್ಯಾರು ಸೀನು ಅಂದಿದ್ರು?” ಎಂದು ಬೈದು ಕುಕ್ರಿ ಹಿರಿದ.

ಕಂಬದ ಬಳಿ ಸುಬೇದಾರ್ ಕುಂಕುಮ ಇಡಲು ಬಾಗಿದವನು ಹಾಗೇ ನಿಂತ. ಕೋಣದ ಬಲಗಿವಿಯ ತುದಿ ಇರಲಿಲ್ಲ.

“ಮುಳ್ಳು ಗೀರಿರಬೇಕು, ಸಾಹೇಬ್,” ಎಂದ ನರಬೀರ, ನೆಲ ನೋಡುತ್ತಾ.

ಊನವಾದದ್ದು ದೇವಿಗೆ ಸಲ್ಲದು. ಪಲ್ಟನ್ನು ಗೊಣಗಿತು. “ಈ ವರ್ಷವೂ ಹೋಯ್ತು,” ಎಂದ ಧನಲಾಲ. ಸುಬೇದಾರ್ ನರಬೀರನನ್ನು ಒಂದು ಸಲ ನೋಡಿ, ಪಕ್ಕದ ಹಳ್ಳಿಯಿಂದ ಬೂದುಗುಂಬಳ ತರಿಸಿದ. ತಮ್ಮ ಊರಿನಲ್ಲಿ ಕೋಣ ಕೊಳ್ಳಲಾಗದ ಬಡವರು ಮಾಡುವಂತೆ ಅದಕ್ಕೆ ನಾಲ್ಕು ಬಿದಿರು ಕಡ್ಡಿ ಚುಚ್ಚಿ ಕಾಲು ಮಾಡಿ ನಿಲ್ಲಿಸಿದ.

“ಕಡಿ.”

ನರಬೀರ ಕಡಿದ. ಕುಂಬಳ ನಿಂತೇ ಇತ್ತು.

“ತಪ್ತು!” ಎಂದು ಧನಲಾಲ ಕೂಗಿದ.

ಸುಬೇದಾರ್ ಕಿರುಬೆರಳಿನಿಂದ ಮುಟ್ಟಿದ. ಕುಂಬಳ ಎರಡು ಹೋಳಾಗಿ ಆಚೀಚೆ ಮಲಗಿತು. ಪಲ್ಟನ್ನು ಕಾಡು ನಡುಗುವಂತೆ ಕೂಗಿತು. ಕರ್ನಲ್ ಸಾಹೇಬರು ಬಿಳಿ ಪೇಟ ಕೊಟ್ಟರು. ಸುಬೇದಾರ್ ಅದನ್ನು ಸುತ್ತುತ್ತಾ ನರಬೀರನ ಕಿವಿಯಲ್ಲಿ ಕೇಳಿದ:

“ಆ ಕಿವೀನೂ ಒಂದೇ ಏಟಿಗೆ ಕಡಿದ್ಯೇನೋ?”

“ಹ್ಞೂಂ ಸಾಹೇಬ್. ಜಾಸ್ತಿ ನೋವಾಗಬಾರದು ಅಂತ.”

“ಸರಿ. ಈ ಪೇಟ ಅದಕ್ಕೇ. ಕುಂಬಳಕಾಯಿ ಯಾರು ಬೇಕಾದ್ರೂ ಕಡೀತಾರೆ.”

ಮಧ್ಯಾಹ್ನ ವಿಮಾನ ಬಂತು. ಎಲ್ಲರೂ ಕಾಗದಕ್ಕಾಗಿ ಓಡಿದರು. ಬಿದ್ದದ್ದು ಕೊನೆಗೂ ಬೂಟು, ಇನ್ನೂರು, ಎಲ್ಲವೂ ಎಡಗಾಲಿನವು. ನರಬೀರ ಪೇಟ ತೆಗೆದು ಕೈಯಲ್ಲಿ ಹಿಡಿದು, ಬೈಗುಳಕ್ಕೆ ಸಿದ್ಧನಾಗಿ ನಿಂತ.

ಧನಲಾಲ ಒಂದು ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ನರಬೀರನನ್ನು ನೋಡಿದ.

“ಪೇಟ ಹಾಕ್ಕೊಳ್ಳಿ ಗುರೂಜಿ, ಬಿಸಿಲಿದೆ,” ಎಂದ. “ಇದು ಯಾವನೋ ಗುಮಾಸ್ತನ ಕೆಲಸ.”