ಹನ್ನೆರಡು ಜನರ ತಲೆನೋವು

ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಅಳತೆಯಕ್ಕನಿಗೆ ತನ್ನ ಕೈಯ ಮೇಲೆ ಅನುಮಾನ ಬಂದದ್ದು ಅದೇ ಮೊದಲು. ಎದುರಿಗೆ ನಿಂತವರ ಭುಜದ ಅಗಲವನ್ನು ಟೇಪು ಹಿಡಿಯದೆ ಹೇಳುವವಳು ಅವಳು. ಆಮೇಲೆ ಟೇಪು ಹಿಡಿದರೂ ಒಂದು ನೂಲು ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಅದಕ್ಕೇ ಹೊಲಿಗೆ ಹಾಲ್‌ನವರೆಲ್ಲ ಅವಳಿಗೆ ಆ ಹೆಸರಿಟ್ಟಿದ್ದರು.

ಅಂಥವಳು ಒಂದು ಬೆಳಿಗ್ಗೆ ಆಸ್ಪತ್ರೆಯ ದಾದಿಯರ ಅರವತ್ತು ಅಂಗಿಗಳಿಗೆ ತೋಳು ಕತ್ತರಿಸಿದಳು. ಬಟ್ಟೆಯ ಪದರಗಳನ್ನೆಲ್ಲ ಒಂದೇ ಮುಖವಾಗಿ ಹಾಸಿ, ಅರ್ಧ ಮುಗಿದ ಮೇಲೆ ಮಾದರಿ ಕಾಗದವನ್ನು ಮಗುಚುವುದನ್ನೇ ಮರೆತಳು. ನೂರಿಪ್ಪತ್ತು ತೋಳುಗಳೂ ಎಡಗೈಯವೇ ಆದವು.

ಹಾಲ್‌ನ ಯಜಮಾನ ಅವಳ ಸ್ವಂತ ತಮ್ಮ. ಅವನು ತೋಳುಗಳ ರಾಶಿ ನೋಡಿದ, ಅಕ್ಕನ ಮುಖ ನೋಡಿದ, ಬೈಯಲಿಲ್ಲ.

"ಬಿಡಕ್ಕ, ವಯಸ್ಸಾಯ್ತಲ್ವಾ. ನಾಲ್ಕು ದಿನ ಮನೇಲಿ ಆರಾಮಾಗಿರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮೆತ್ತನೆಯ ಮಾತು ಸೂಜಿಯ ಹಾಗೆ ಒಳಗಿಳಿಯಿತು. ಅವಳಿಗೆ ಐವತ್ತೆರಡು ವರ್ಷ. ಅವರಮ್ಮನಿಗೂ ಇಂಥದೇ ವಯಸ್ಸಿನಲ್ಲಿ ಮರೆವು ಶುರುವಾಗಿತ್ತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು, ಆಮೇಲೆ ಬೀದಿ ಮರೆತಳು, ಕೊನೆಗೆ ಮಕ್ಕಳ ಮುಖ ಮರೆತಳು. ಅಳತೆಯಕ್ಕ ಯಾರಿಗೂ ಹೇಳಿರಲಿಲ್ಲ, ಆದರೆ ಚಳಿಗಾಲ ಶುರುವಾದ ಮೂರು ವಾರದಿಂದ ಅವಳಿಗೂ ಏನೋ ಆಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಲೆಗೆ ಯಾರೋ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ. ಬೆರಳ ಸಂದಿಯಲ್ಲೇ ಸೀಮೆಸುಣ್ಣ ಇಟ್ಟುಕೊಂಡು ಮೇಜೆಲ್ಲ ಹುಡುಕುತ್ತಿದ್ದಳು. ಒಂದು ದಿನ ಅಂಗಿಯ ಕಾಲರ್ ಕೈಯಲ್ಲಿ ಹಿಡಿದು, ಇದರ ಹೆಸರೇನು ಎಂದು ಬಹಳ ಹೊತ್ತು ಯೋಚಿಸಿದ್ದಳು.

ಹಾಗೆ ನೋಡಿದರೆ ಆ ಹಾಲ್‌ನಲ್ಲಿ ಯಾರೂ ಸರಿಯಿರಲಿಲ್ಲ. ತಮ್ಮನ ಹೆಂಡತಿ ಗುಂಡಿ ಹೊಲಿಯುವ ಯಂತ್ರದ ಮುಂದೆ ಕೂರುತ್ತಿದ್ದಳು. ಬೆಚ್ಚಗಿನ ಗಾಳಿ ಬರುವ ಕಿಂಡಿಯ ಕೆಳಗಿನ ಜಾಗ, ಬಸುರಿಗೆ ಒಳ್ಳೆಯದೆಂದು ಎಲ್ಲರೂ ಸೇರಿ ಬಿಟ್ಟುಕೊಟ್ಟದ್ದು. ಐದು ತಿಂಗಳಾದರೂ ಅವಳಿಗೆ ವಾಂತಿ ನಿಂತಿರಲಿಲ್ಲ. "ಬಸುರಿ ಅಂದ್ಮೇಲೆ ಇದ್ದದ್ದೇ" ಎನ್ನುತ್ತಿದ್ದಳು. ಎಲ್ಲರೂ ಚಿಕ್ಕಪ್ಪ ಎಂದು ಕರೆಯುವ ಇಸ್ತ್ರಿಯಾತ, ಕಣ್ಣು ಮಂಜಾಗುತ್ತದೆಂದು ಕನ್ನಡಕ ಬದಲಾಯಿಸಿದ್ದ. ಬದಲಾಯಿಸಿದ ಕನ್ನಡಕದಲ್ಲೂ ಮಂಜೇ. ತಮ್ಮನಿಗೂ ದಿನಾ ತಲೆನೋವು. ಯಾರಾದರೂ ಕೇಳಿದರೆ, "ಹೊಣೆ ಹೊತ್ತವನಿಗೆ ತಲೆನೋವು ಬರದೆ ಬಾಲನೋವು ಬರುತ್ತಾ" ಎಂದು ನಗುತ್ತಿದ್ದ. ಹನ್ನೆರಡು ಜನ, ಹನ್ನೆರಡು ಕಾರಣ. ಒಬ್ಬರ ಕಾರಣವನ್ನು ಇನ್ನೊಬ್ಬರು ಕೇಳುವ ಗೋಜಿಗೆ ಹೋಗಿರಲಿಲ್ಲ.

ಅಳತೆಯಕ್ಕ ಮನೆಯಲ್ಲಿ ಮೊದಲ ದಿನ ಬರೀ ಮಲಗಿದಳು. ಎರಡನೆಯ ದಿನ ಎದ್ದಾಗ ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಹಗುರವಾಗಿತ್ತು. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳೋಣ ಎನಿಸಿತು. ಹದಿನೇಳರ ಮಗ್ಗಿ ಹೇಳಿದಳು, ಎಲ್ಲೂ ತಡವರಿಸಲಿಲ್ಲ. ಹಳೆಯ ಪತ್ರಿಕೆ ಹಾಸಿ ತೋಳು ಕತ್ತರಿಸಿದಳು. ಎಡದ್ದು ಎಡ, ಬಲದ್ದು ಬಲ. ಸಂತೋಷ ಪಡಬೇಕಿತ್ತು, ಆದರೆ ಗೊಂದಲ ಇನ್ನಷ್ಟು ಹೆಚ್ಚಿತು. ನಿನ್ನೆ ಇದ್ದ ಕಾಯಿಲೆ ಇವತ್ತು ಎಲ್ಲಿಗೆ ಹೋಯಿತು? ಅಮ್ಮನಿಗೆ ಹೀಗೆ ಹೋಗಿ ಬಂದು ಮಾಡುತ್ತಿತ್ತೆ? ನೆನಪಾಗಲಿಲ್ಲ. ನೆನಪಾಗದಿರುವುದೂ ಕಾಯಿಲೆಯೇ ಇರಬಹುದೆ ಎಂದು ಇನ್ನೊಂದು ಭಯ ಹುಟ್ಟಿತು.

ಮೂರನೆಯ ದಿನ ಮನೆಯಲ್ಲಿ ಕೂರಲಾಗದೆ ಹಾಲ್‌ಗೆ ಹೋದಳು. "ಕೂತ್ಕೊಂಡೇ ಕೆಲಸ ಮಾಡ್ತೀನಿ, ಕತ್ತರಿ ಮುಟ್ಟಲ್ಲ" ಎಂದು ತಮ್ಮನಿಗೆ ಮಾತು ಕೊಟ್ಟು, ಬಸುರಿಯ ಪಕ್ಕ ಕುಳಿತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸತೊಡಗಿದಳು. ಚಳಿಗೆ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕಿದ್ದರು. ಹಿಂದಿನ ಕೋಣೆಯಲ್ಲಿದ್ದ ದೊಡ್ಡ ಯಂತ್ರ ಗುಂಯ್ ಎನ್ನುತ್ತಿತ್ತು. ಚಳಿಗಾಲದಲ್ಲಿ ಗ್ಯಾಸ್ ಉರಿಸಿ ಬಿಸಿಗಾಳಿ, ಬೇಸಿಗೆಯಲ್ಲಿ ತಣ್ಣನೆ ಗಾಳಿ, ಎರಡೂ ಅದರದೇ. ಮೂರು ಗಂಟೆ ಕಳೆಯುವಷ್ಟರಲ್ಲಿ ಬಿಳಿ ಯಾವುದು, ಕೆನೆ ಬಣ್ಣ ಯಾವುದು ಎಂದು ತಿಳಿಯದಾಯಿತು. ಯಾರಿಗೂ ಹೇಳದೆ ಎದ್ದು, ಗೋಡೆ ಹಿಡಿದು ಮೆಟ್ಟಿಲಿಳಿದಳು.

ಬೀದಿಗೆ ಬಂದು ನಿಂತಳು. ಕೆಳಗಿನ ಸೈಕಲ್ ಅಂಗಡಿ, ಎದುರಿನ ಔಷಧಿ ಅಂಗಡಿ, ದೀಪದ ಕಂಬ, ಎಲ್ಲ ಗುರುತು ಸಿಕ್ಕವು. ಆದರೆ ಮನೆ ಎಡಕ್ಕೋ ಬಲಕ್ಕೋ ಎಂಬುದು ಮಾತ್ರ ಹೊಳೆಯಲಿಲ್ಲ. ಮೂವತ್ತು ವರ್ಷ ನಡೆದ ಬೀದಿ ಅದು. ಅವಳು ಅಲ್ಲೇ ನಿಂತು, ಯಾರಾದರೂ ನೋಡಿಯಾರೆಂದು ಸೆರಗು ಸರಿಮಾಡಿಕೊಳ್ಳುವ ನೆವ ಹೂಡಿದಳು.

"ಯಾಕಕ್ಕ, ಇಲ್ಲಿ ನಿಂತಿದ್ದೀರಿ?"

ಫಿಲ್ಟರಮ್ಮ. ಅಳತೆಯಕ್ಕನ ಮನೆಯ ಮೇಲಿನ ಮಹಡಿಯವಳು. ದೊಡ್ಡ ಕಟ್ಟಡಗಳ ಹೀಟರು, ಏಸಿಗಳನ್ನು ಸರ್ವಿಸ್ ಮಾಡುವುದು ಅವಳ ಕೆಲಸ. ಬೇರೆಯವರು ಊಟ ಆಯಿತಾ ಎಂದು ಕೇಳಿದರೆ, ಅವಳು ಫಿಲ್ಟರ್ ಯಾವಾಗ ಬದಲಾಯಿಸಿದಿರಿ ಎಂದು ಕೇಳುತ್ತಾಳೆ. ಆ ಹೆಸರು ಹಾಗೆ ಬಂದದ್ದು. ಹೆಗಲಲ್ಲಿ ಸಲಕರಣೆಯ ಚೀಲವಿತ್ತು.

"ಏನಿಲ್ಲ ಕಣೇ. ಮನೆ ಯಾವ ಕಡೆ ಅಂತ ನೋಡ್ತಿದ್ದೆ."

ಹೇಳಿದ ಮೇಲೆ ಅಳತೆಯಕ್ಕನಿಗೆ ತಾನು ಏನು ಹೇಳಿದೆ ಎಂಬುದು ಗೊತ್ತಾಯಿತು. ಕಣ್ಣು ತುಂಬಿಕೊಂಡವು. ಫಿಲ್ಟರಮ್ಮ ನಗಲಿಲ್ಲ. ಸೈಕಲ್ ಅಂಗಡಿಯ ಜಗುಲಿಯ ಮೇಲೆ ಅವಳನ್ನು ಕೂರಿಸಿ ತಾನೂ ಕುಳಿತಳು. ತೋಳುಗಳ ಕಥೆ, ಅಮ್ಮನ ಕಥೆ, ಹದಿನೇಳರ ಮಗ್ಗಿಯ ಕಥೆ, ಎಲ್ಲ ಹಿಂದುಮುಂದಾಗಿ ಹೊರಬಂದವು.

"ಯಾವಾಗಿಂದ ಹೀಗೆ?"

"ಚಳಿ ಶುರುವಾದಾಗಿಂದ."

"ಅಂದ್ರೆ ಹೀಟರ್ ಹಾಕ್ದಾಗಿಂದ. ಮನೇಲಿದ್ದಾಗ ಸರಿ ಇರ್ತೀರಿ, ಹಾಲ್‌ಗೆ ಬಂದ್ರೆ ಹೀಗಾಗುತ್ತೆ. ಅಲ್ವಾ?"

"ಹೂಂ."

"ಹಾಲ್‌ನಲ್ಲಿ ಬೇರೆಯವ್ರಿಗೆ?"

ಅಳತೆಯಕ್ಕ ಬೆರಳು ಮಡಚುತ್ತಾ ಹೋದಳು. ವಾಂತಿ, ಮಂಜು, ತಲೆನೋವು, ಸುಸ್ತು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ತಾನೇ ನಿಲ್ಲಿಸಿದಳು.

"ಅಕ್ಕ," ಎಂದಳು ಫಿಲ್ಟರಮ್ಮ ಏಳುತ್ತಾ, "ಮರೆವಿನ ಕಾಯಿಲೆ ಆಗಿದ್ರೆ ಅದು ರಜಾ ದಿನ ರಜಾ ತಗೊಳ್ತಿರಲಿಲ್ಲ. ಹನ್ನೆರಡು ಜನಕ್ಕೆ ಒಂದೇ ವಾರ ವಯಸ್ಸೂ ಆಗಲ್ಲ. ನೀವು ಇಲ್ಲೇ ಕೂತಿರಿ, ಮೇಲೆ ಬರ್ಬೇಡಿ."

ಅಳತೆಯಕ್ಕ ಕೂರಲಿಲ್ಲ. ಅರ್ಥವಾಗದಿದ್ದರೂ ಹಿಂದೆಯೇ ಮೆಟ್ಟಿಲು ಹತ್ತಿದಳು. ಫಿಲ್ಟರಮ್ಮ ಚೀಲದಿಂದ ಗಾಳಿ ಪರೀಕ್ಷಿಸುವ ಅಂಗೈಯಗಲದ ಮೀಟರ್ ತೆಗೆದು ಹಿಡಿದುಕೊಂಡಿದ್ದಳು. ಬಾಗಿಲು ತೆಗೆದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ಚೀರತೊಡಗಿತು.

"ಎಲ್ಲರೂ ಎದ್ದು ಕೆಳಗಿಳೀರಿ. ಈಗಲೇ."

ತಮ್ಮ ಲೆಕ್ಕದ ಪುಸ್ತಕದಿಂದ ತಲೆಯೆತ್ತಿದ. "ಏನಮ್ಮ ಇದು? ಗ್ಯಾಸ್ ಸೋರ್ತಿದ್ರೆ ವಾಸನೆ ಬರಲ್ವಾ? ನನ್ನ ಮೂಗು ನೆಟ್ಟಗಿದೆ. ಯಂತ್ರಾನೂ ಚೆನ್ನಾಗೇ ಓಡ್ತಿದೆ."

"ಮಾತು ಆಮೇಲೆ. ಮೊದಲು ಹೊರಗೆ."

"ಓಡೋ ಯಂತ್ರ ನಿಲ್ಲಿಸಿದ್ರೆ ಇವ್ರೆಲ್ಲ ಚಳೀಲಿ ಹೆಂಗೆ..."

ಅವನ ಮಾತು ಅಲ್ಲಿಗೇ ನಿಂತಿತು. ಅಳತೆಯಕ್ಕ ಗುಂಡಿ ಯಂತ್ರದ ಹತ್ತಿರ ಹೋಗಿ ಅವನ ಹೆಂಡತಿಯ ಹೆಗಲು ಅಲುಗಿಸುತ್ತಿದ್ದಳು. ಆಕೆ ಯಂತ್ರದ ಮೇಲೆ ತಲೆಯಿಟ್ಟು ನಿದ್ದೆ ಹೋದವಳ ಹಾಗಿದ್ದಳು. ಅಲುಗಿಸಿದರೂ ಕಣ್ಣು ಬಿಡಲಿಲ್ಲ. ತಮ್ಮ ಮೇಜು ದಾಟಿ ಓಡಿಬಂದು ಅವಳನ್ನು ಎತ್ತಿಕೊಂಡ. ಆಮೇಲೆ ಯಾರೂ ವಾದ ಮಾಡಲಿಲ್ಲ. ಫಿಲ್ಟರಮ್ಮ ಬಾಗಿಲ ಪಕ್ಕದ ಸ್ವಿಚ್ಚಿನಿಂದ ಹೀಟರ್ ಆರಿಸಿ, ದಾರಿಯಲ್ಲಿ ಸಿಕ್ಕ ಕಿಟಕಿ ತೆಗೆದು, ಕೊನೆಯವಳಾಗಿ ಇಳಿದಳು. ಬೀದಿಯಲ್ಲಿ ನಿಂತು ಮೊದಲು ಆಂಬುಲೆನ್ಸಿಗೆ, ಆಮೇಲೆ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿದಳು.

ತಣ್ಣನೆ ಗಾಳಿಗೆ ತಮ್ಮನ ಹೆಂಡತಿ ಕಣ್ಣು ಬಿಟ್ಟಳು. "ಗುಂಡಿ ಎಷ್ಟಾಯ್ತು?" ಎಂದು ಕೇಳಿದಳು. ತಮ್ಮ ಅವಳ ಕೈ ಹಿಡಿದು ಕೂತ.

ಆಸ್ಪತ್ರೆಯಲ್ಲಿ ಎಲ್ಲರ ರಕ್ತ ಪರೀಕ್ಷೆ ಆಯಿತು, ಮೂಗುಬಾಯಿಗೆ ಆಮ್ಲಜನಕದ ಮುಖವಾಡ ಕಟ್ಟಿದರು. ಹನ್ನೆರಡು ಜನರ ರಕ್ತದಲ್ಲೂ ಒಂದೇ ವಿಷ: ಕಾರ್ಬನ್ ಮಾನಾಕ್ಸೈಡ್. ಬಸುರಿಯನ್ನು ಮೂರು ದಿನ ಅಲ್ಲೇ ಇಟ್ಟುಕೊಂಡರು. ಮಗುವಿನ ಎದೆಬಡಿತ ಸರಿಯಿದೆ, ಆದರೆ ಹೆರಿಗೆಯವರೆಗೂ ನೋಡುತ್ತಲೇ ಇರಬೇಕು ಎಂದರು ಡಾಕ್ಟರು.

ಅಳತೆಯಕ್ಕನಿಗೆ ಆಗಲೂ ಪೂರ್ತಿ ಅರ್ಥವಾಗಲಿಲ್ಲ. ಮುಖವಾಡ ಬಿಚ್ಚಿದ ಮೇಲೆ ಫಿಲ್ಟರಮ್ಮನನ್ನು ಕೇಳಿದಳು. "ವಾಸನೆ ಯಾಕೆ ಬರಲಿಲ್ಲ?"

"ಉರಿಯದೆ ಸೋರೋ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ ಅಕ್ಕ, ಅದು ಗೊತ್ತಾಗುತ್ತೆ. ಇದು ಅರ್ಧಂಬರ್ಧ ಉರಿದು ಹುಟ್ಟೋದು. ಬಣ್ಣ ಇಲ್ಲ, ವಾಸನೆ ಇಲ್ಲ. ಮೂಗಿಗೆ ಸಿಗಲ್ಲ, ನೇರವಾಗಿ ರಕ್ತಕ್ಕೆ ಸೇರುತ್ತೆ. ಹೊಗೆ ಕೊಳವೆಯಿಂದ ಹೊರಗೆ ಹೋಗ್ಬೇಕಿತ್ತು, ಒಳಗೆ ಬಂತು."

ಯಾಕೆ ಒಳಗೆ ಬಂತು ಎಂಬುದು ಮಾರನೆಯ ದಿನ ಯಂತ್ರ ಬಿಚ್ಚಿದಾಗ ತಿಳಿಯಿತು. ಫಿಲ್ಟರಮ್ಮ ಫಿಲ್ಟರನ್ನು ಎಳೆದು ನೆಲದ ಮೇಲಿಟ್ಟಳು. ಹೊಲಿಗೆಯ ನೂಲು, ಬಟ್ಟೆಯ ಧೂಳು ಮೆತ್ತಿಕೊಂಡು ಅದು ಪುಟ್ಟ ಹಾಸಿಗೆಯಾಗಿತ್ತು. ಅದರ ಮೂಲಕ ಗಾಳಿ ಹೋಗದೆ, ಬೆಂಕಿಗೂ ಜನ ಉಸಿರಾಡುವ ಗಾಳಿಗೂ ನಡುವಿನ ತಗಡು ಕಾದು ಕಾದು ಬಿರುಕು ಬಿಟ್ಟಿತ್ತು. ಛಾವಣಿಯ ಹೊಗೆ ಕೊಳವೆ ಒಂದು ಕಡೆ ತುಕ್ಕು ತಿಂದು ಕೀಲು ಕಳಚಿತ್ತು. ಹೊಗೆಗೆ ಹೊರಗಿನ ದಾರಿ ತಪ್ಪಿ, ಒಳಗಿನ ದಾರಿ ತೆರೆದಿತ್ತು.

"ಸರ್ವಿಸ್ ಯಾವಾಗ ಮಾಡ್ಸಿದ್ರಿ?"

ತಮ್ಮ ಗೋಡೆ ನೋಡಿದ. "ತಂದಾಗ ಅವ್ರೇ ಬಂದು ಹಾಕಿಕೊಟ್ರು. ಆಮೇಲೆ ಕೆಟ್ಟಿರಲಿಲ್ಲ."

"ಕೆಟ್ಟಿತ್ತು. ಹೋದ ಬೇಸಿಗೇಲಿ ಏಸಿ ಹಾಕ್ದಾಗ ಗೋಡೆ ಮೇಲೆ ನೀರು ಇಳೀತಿತ್ತು ಅಂತ ಅಕ್ಕ ಹೇಳಿದ್ರು, ಆಗ ಏನು ಮಾಡಿದ್ರಿ?"

"ಬಕೆಟ್ ಇಟ್ವಿ."

"ಅದು ಬಕೆಟ್ ಕೇಳಿರಲಿಲ್ಲ ಅಣ್ಣ. ನೀರು ಹೋಗೋ ಕೊಳವೆ ಕಟ್ಟಿದೆ, ಬಂದು ನೋಡಿ ಅಂತ ಕೇಳಿತ್ತು."

ಆ ಯಂತ್ರವನ್ನು ಹಾಗೆಯೇ ಮತ್ತೆ ಹಚ್ಚಲಿಲ್ಲ. ಬಿರುಕು ಬಿಟ್ಟ ತಗಡಿಗೆ ಬೆಸುಗೆ ಹಾಕಿಕೊಡಿ ಎಂದು ತಮ್ಮ ಒಮ್ಮೆ ಕೇಳಿ ನೋಡಿದ. ಫಿಲ್ಟರಮ್ಮ ಒಪ್ಪಲಿಲ್ಲ. ಆ ಭಾಗವನ್ನೇ ಬದಲಾಯಿಸಿ, ಕೊಳವೆ ಹೊಸದಾಗಿ ಕೂರಿಸಿ, ಮೀಟರ್ ಹಿಡಿದು ಎರಡು ಸಲ ಅಳೆದ ಮೇಲೆಯೇ ಹಾಲ್‌ನ ಬಾಗಿಲು ತೆಗೆದದ್ದು. ಗೋಡೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಂತು. ಫಿಲ್ಟರ್ ನೋಡುವ ಕೆಲಸವನ್ನು ಇಸ್ತ್ರಿ ಚಿಕ್ಕಪ್ಪ ತಾನಾಗಿ ವಹಿಸಿಕೊಂಡ. ಪ್ರತಿ ತಿಂಗಳ ಮೊದಲ ದಿನ ಅದನ್ನು ತೆಗೆದು ಬೆಳಕಿಗೆ ಹಿಡಿಯುತ್ತಾನೆ. ಬೆಳಕು ಕಾಣದಿದ್ದರೆ ಹೊಸದು ಹಾಕಿಸುತ್ತಾನೆ.

ಕೆಲಸ ಮತ್ತೆ ಶುರುವಾದ ದಿನ ತಮ್ಮ ಕತ್ತರಿ ತಂದು ಅಕ್ಕನ ಮುಂದಿಟ್ಟ. ಹೋಗದೆ ಅಲ್ಲೇ ನಿಂತ.

"ನಿಂಗೆ ವಯಸ್ಸಾಯ್ತು ಅಂದ್ಬಿಟ್ಟೆ."

"ಆಗಿದೆಯಪ್ಪ, ಸುಳ್ಳೇನಲ್ಲ. ವಯಸ್ಸು ನಂದು, ಕಾಯಿಲೆ ಯಂತ್ರದ್ದು. ಎರಡನ್ನೂ ನೀನು ಒಂದೇ ಗಂಟಿನಲ್ಲಿ ಕಟ್ಬಿಟ್ಟೆ ನೋಡು, ಅದೇ ತಪ್ಪು." ಕತ್ತರಿ ಎತ್ತಿಕೊಂಡು ಸೇರಿಸಿದಳು. "ನಾನೂ ಹಾಗೇ ಕಟ್ಟಿಕೊಂಡಿದ್ದೆ. ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ."

ಬೇಸಿಗೆಯ ಆರಂಭದಲ್ಲಿ ತಮ್ಮನ ಹೆಂಡತಿಗೆ ಹೆಣ್ಣು ಮಗುವಾಯಿತು. ಆ ನಾಲ್ಕು ತಿಂಗಳೂ ತಮ್ಮ ಡಾಕ್ಟರ ಬಾಗಿಲಲ್ಲಿ ಉಸಿರು ಹಿಡಿದೇ ಕೂತಿದ್ದ. ಮಗು ಗಟ್ಟಿಯಾಗಿ ಅತ್ತ ಮೇಲೆಯೇ ಅವನ ಉಸಿರು ಸರಾಗವಾದದ್ದು. ಅದೇ ವಾರ, ತಣ್ಣನೆ ಗಾಳಿ ಬೇಕಾಗುವ ಮೊದಲೇ, ಯಂತ್ರದ ಸರ್ವಿಸ್ಸಿಗೆ ಫೋನ್ ಮಾಡಿದವನೂ ಅವನೇ. ಈ ಸಲ ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

ಇದನ್ನು ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಅಂಗಡಿಯಲ್ಲೋ, ಕಚೇರಿಯಲ್ಲೋ, ಮಕ್ಕಳ ಶಾಲೆಯಲ್ಲೋ ಇಂಥದೊಂದು ಯಂತ್ರ ಮೂಲೆಯಲ್ಲಿ ಗುಂಯ್ ಎನ್ನುತ್ತಿರಬಹುದು. ಓಡುತ್ತಿದೆ ಎಂದರೆ ಸರಿಯಿದೆ ಎಂದಲ್ಲ. ಚಳಿಗೆ ಮೊದಲು ಒಮ್ಮೆ, ಬೇಸಿಗೆಗೆ ಮೊದಲು ಒಮ್ಮೆ, ಬಲ್ಲವರನ್ನು ಕರೆಸಿ ಬಿಚ್ಚಿ ನೋಡಿಸಿ. ಹೊಗೆಯ ದಾರಿ, ನೀರಿನ ದಾರಿ ಎರಡೂ ತೆರೆದಿವೆಯೇ ಎಂದು ಕೇಳಿ. ಫಿಲ್ಟರನ್ನು ನೀವೇ ತಿಂಗಳಿಗೊಮ್ಮೆ ನೋಡಿ. ಗ್ಯಾಸ್ ಉರಿಯುವ ಕಡೆ ಅಲಾರಂ ಇರಲಿ. ಅದು ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ.

ಇನ್ನೊಂದು ಮಾತು. ಕೆಲಸದ ಜಾಗದಲ್ಲಿ ತಲೆ ಭಾರವಾಗಿ, ಏನೂ ತೋಚದಂತಾದರೆ ನಿಮ್ಮ ವಯಸ್ಸನ್ನೋ ಹಣೆಬರಹವನ್ನೋ ಬೈದುಕೊಳ್ಳುವ ಮೊದಲು ಪಕ್ಕದಲ್ಲಿ ಕೂತವರ ಕಡೆ ತಿರುಗಿ. "ನಿಮಗೂ ಹೀಗೇ ಆಗ್ತಿದೆಯಾ?" ಎಂದು ಕೇಳಿ.